ಹಳ್ಳಿಯಲ್ಲಿ ಬ್ಲೌಸ್ ಹೊಲಿದು ಸಂಸಾರ ನಡೆಯುತ್ತಾ?

ಪ್ರಶ್ನೆ: ನಮ್ಮದು ಚಿಕ್ಕ ಊರು. ಹೊಲಿಗೆ ಕಲಿತಿದ್ದೇನೆ. ಮನೆಯಲ್ಲೇ ಮಷೀನ್ ಹಾಕಿಕೊಂಡರೆ ಜೀವನಕ್ಕೆ ಸಾಕಾಗುತ್ತಾ?

ಉತ್ತರ: ಮನೆಗೆ ದೊಡ್ಡ ಆಸರೆ ಆಗುತ್ತದೆ. ಆದರೆ ವರ್ಷವಿಡೀ ಒಂದೇ ಸಮ ದುಡ್ಡು ಬರುವುದಿಲ್ಲ. ಮದುವೆ ಸೀಸನ್, ಗೌರಿ ಹಬ್ಬ, ಊರ ಜಾತ್ರೆ ಅಂದರೆ ರಾತ್ರಿ ಕೂತರೂ ಮುಗಿಯದಷ್ಟು ಕೆಲಸ. ಆಷಾಢದಲ್ಲಿ ಮಷೀನ್ ಸುಮ್ನೆ ಕೂತಿರುತ್ತದೆ. ಶಾಲೆ ಶುರುವಾದಾಗ ಯೂನಿಫಾರಂ ಹೊಲಿಗೆ ಹಿಡಿದರೆ ಒಂದಿಷ್ಟು ಸರಿದೂಗುತ್ತದೆ.

ಲೈನಿಂಗ್ ಬ್ಲೌಸಿಗೆ 300 ರೂಪಾಯಿ ತಗೊಳ್ಳುತ್ತೀರಿ ಅಂದುಕೊಳ್ಳಿ. ಲೈನಿಂಗ್ ಬಟ್ಟೆ, ದಾರ, ಹುಕ್ಕು ನಿಮ್ಮದೇ ಆದರೆ 80 ರೂಪಾಯಿ ಅಲ್ಲೇ ಹೋಯಿತು ಅನ್ನಿ. ಅಡುಗೆ, ದನಕರು ನೋಡಿಕೊಂಡು ದಿನಕ್ಕೆ ಎರಡು ಬ್ಲೌಸ್ ಮುಗಿಸಿದರೆ ಜಾಸ್ತಿಯೇ. ಅದಕ್ಕೇ ಸೀರೆ ಕೊಟ್ಟವರನ್ನು ಫಾಲ್ಸ್, ಜಿಗ್‌ಜಾಗ್, ಕುಚ್ಚು ಬೇಕಾ ಅಂತ ಅಲ್ಲೇ ಕೇಳಿಬಿಡಿ.

ಗಿರಾಕಿ ಉಳಿಯುವುದು ಫಿಟ್ಟಿಂಗಿನಲ್ಲಿ. ಹಳ್ಳಿಯಲ್ಲಿ ಟೇಪು ಹಿಡಿದು ಅಳತೆ ಕೊಡುವವರು ಕಡಿಮೆ, ಅಳತೆ ಬ್ಲೌಸ್ ಕಳಿಸಿಬಿಡುತ್ತಾರೆ. ಅದೋ ಒಗೆದು ಒಗೆದು ಕುಗ್ಗಿರುತ್ತದೆ, ಇಲ್ಲವೇ ಪಕ್ಕದ ಹೊಲಿಗೆ ಬಿಚ್ಚಿರುತ್ತದೆ. ಕತ್ತರಿ ಹಾಕುವ ಮುಂಚೆ ‘ಇದು ಈಗ ಬಿಗಿಯಾಗುತ್ತಾ?’ ಅಂತ ಒಂದು ಫೋನ್ ಮಾಡಿ. ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕಿ. ಮೈ ತುಂಬಿದರೆ ಒಂದು ಸಾಲು ಬಿಚ್ಚಿದರಾಯಿತು.

ನನ್ನ ಪ್ರಕಾರ ಈ ಕಸುಬನ್ನು ಕೆಡಿಸುವುದು ಉದ್ರಿ. ‘ಅಕ್ಕ, ಸಂಘದ ದುಡ್ಡು ಬಂದ್ಮೇಲೆ ಕೊಡ್ತೀನಿ’ ಅನ್ನುವವರು ನೆಂಟರೋ ಪಕ್ಕದ ಮನೆಯವರೋ ಆಗಿರುತ್ತಾರೆ, ಇಲ್ಲ ಅನ್ನಲು ಬಾಯಿ ಬರುವುದಿಲ್ಲ ಅಲ್ವಾ? ಕೂಲಿ ಆಮೇಲೆ ಕೊಡಲಿ, ಲೈನಿಂಗ್ ಮತ್ತು ಹುಕ್ಕಿನ ದುಡ್ಡನ್ನು ಅವರು ಹೊಲಿಯಲು ಬಟ್ಟೆ ಕೊಡುವಾಗಲೇ ಇಸಿದುಕೊಳ್ಳಿ.

ಕೈ ಇನ್ನೂ ಪಳಗಬೇಕಿದ್ದರೆ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಯಲ್ಲಿ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು. ಅದೇ ಮಾದರಿಯ ಆರ್‌ಸೆಟಿಗಳು ಈಗ ಜಿಲ್ಲೆಗಳಲ್ಲಿವೆ. ತರಬೇತಿ, ಊಟ, ವಸತಿ ಉಚಿತ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಹಂತದಲ್ಲಿ ಶೇ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ. ಮನೆಗೆ ಒಬ್ಬರಿಗೆ ಮಾತ್ರ. ದರ್ಜಿಗಳ ಅರ್ಜಿ ಈಗ ತಗೊಳ್ಳುತ್ತಿದ್ದಾರಾ ಅಂತ ಪಂಚಾಯಿತಿಯಲ್ಲಿ ಮೊದಲು ಕೇಳಿ.

ಸಾಲ ಸಿಗುತ್ತದೆ ಅಂತ ಮೊದಲ ದಿನವೇ ದುಬಾರಿ ಪವರ್ ಮಷೀನ್ ತರಬೇಡಿ. ತುಳಿಯುವ ಮಷೀನಿಗೇ ಮೋಟಾರ್ ಕೂರಿಸಿಕೊಳ್ಳಿ. ಕರೆಂಟ್ ಹೋದರೆ ಬೆಲ್ಟ್ ಬದಲಿಸಿ ತುಳಿಯಬಹುದು.