ಗಾರೆ ಕೆಲಸ ಬಾರದ ನಿವೃತ್ತರು ಮನೆ ಕಟ್ಟಲು ಹೋಗಬಹುದೇ?

ಪ್ರಶ್ನೆ: ನಾನು ನಿವೃತ್ತ. ಕಡಿಮೆ ಆದಾಯದವರಿಗೆ ಮನೆ ಕಟ್ಟುವ ಸಂಸ್ಥೆಯೊಂದರಲ್ಲಿ ಸ್ವಯಂಸೇವಕನಾಗಿ ದುಡಿಯುವ ಆಸೆ. ಆದರೆ ಇಷ್ಟು ವರ್ಷ ಮೇಜಿನ ಮುಂದೆ ಕೂತವನು, ಕರಣೆ ಹಿಡಿದು ಅಭ್ಯಾಸವಿಲ್ಲ. ಮಂಡಿ ಬೇರೆ ನೋಯುತ್ತದೆ. ನಾನು ಹೋದರೆ ಅವರಿಗೆ ಉಪಕಾರವೋ, ಉಪದ್ರವವೋ?

ಉತ್ತರ: ಒಂದೇ ದಿನ ಹೋಗಿ ಬರುವುದಾದರೆ ಬಹುಮಟ್ಟಿಗೆ ಉಪದ್ರವವೇ. ಹೊಸಬರಿಗೆ ಹೆಲ್ಮೆಟ್ ಕೊಟ್ಟು, ಅಳತೆ ಹೇಳಿಕೊಟ್ಟು, ಎಲ್ಲಿ ಕಾಲಿಡಬಾರದೆಂದು ತೋರಿಸುವಷ್ಟರಲ್ಲಿ ಮೇಸ್ತ್ರಿಯ ಅರ್ಧ ದಿನ ಕಳೆದಿರುತ್ತದೆ. ಕೈ ಪಳಗುವ ಹೊತ್ತಿಗೆ ಅವರು ಮನೆಗೆ ಹೊರಟಿರುತ್ತಾರೆ. ಅದೇ ನೀವು ವಾರಕ್ಕೊಂದು ದಿನ, ತಪ್ಪದೆ, ತಿಂಗಳುಗಟ್ಟಲೆ ಹೋದರೆ ಲೆಕ್ಕ ಬೇರೆಯಾಗುತ್ತದೆ. ಕೆಲಸಕ್ಕೆ ಹೋಗುವವರು ರಜಾ ದಿನ ಗುಂಪಾಗಿ ಬರುತ್ತಾರೆ. ಮಂಗಳವಾರ, ಬುಧವಾರ ಬರಬಲ್ಲವರು ನಿವೃತ್ತರೇ. ನಿಮ್ಮಲ್ಲಿರುವ ದೊಡ್ಡ ಬಂಡವಾಳ ತೋಳ್ಬಲವಲ್ಲ, ಬಿಡುವು.

ಈ ಮನೆಗಳು ಪುಕ್ಕಟೆ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. 1976ರಲ್ಲಿ ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಅಮೆರಿಕದ ಜಾರ್ಜಿಯಾದಲ್ಲಿ ಆರಂಭಿಸಿದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿಯ ಕ್ರಮ ನೋಡಿ. ಮನೆ ಪಡೆಯುವ ಕುಟುಂಬ ತಾನೂ ಮೈಬಗ್ಗಿಸಿ ದುಡಿಯಬೇಕು, ಆಮೇಲೆ ತನ್ನ ಆದಾಯಕ್ಕೆ ಎಟುಕುವ ಕಂತು ಕಟ್ಟಬೇಕು. ಆ ಹಣ ಮುಂದಿನ ಮನೆಗಳಿಗೆ ಹೋಗುತ್ತದೆ. ಸ್ವಯಂಸೇವಕರ ದುಡಿಮೆಯಿಂದ ಕೂಲಿಯ ವೆಚ್ಚ ಇಳಿದಷ್ಟೂ ಮನೆಯ ಬೆಲೆ ಇಳಿಯುತ್ತದೆ. ಅಂದರೆ ನಿಮ್ಮ ಪಕ್ಕದಲ್ಲಿ ಬಣ್ಣ ಬಳಿಯುತ್ತಿರುವಾಕೆ ನಾಳೆ ಅದೇ ಮನೆಯ ಒಡತಿಯಾಗಿರಬಹುದು. ದಾನ ಮಾಡಲು ಬಂದವರ ಗತ್ತು ಅಲ್ಲಿ ನಡೆಯುವುದಿಲ್ಲ.

ವಯಸ್ಸಿನ ಮಾತು ಬಂದಾಗ ಎಲ್ಲರೂ ಜಿಮ್ಮಿ ಕಾರ್ಟರ್ ಹೆಸರು ಹೇಳುತ್ತಾರೆ. 1984ರಲ್ಲಿ ಪತ್ನಿ ರೊಸಾಲಿನ್ ಜೊತೆ ನ್ಯೂಯಾರ್ಕಿನಲ್ಲಿ ಹ್ಯಾಬಿಟ್ಯಾಟ್‌ನ ಕಟ್ಟಡ ಕೆಲಸಕ್ಕೆ ಕೈಹಾಕಿದ ಅಮೆರಿಕದ ಆ ಮಾಜಿ ಅಧ್ಯಕ್ಷರು 2019ರಲ್ಲಿ, 95ನೇ ವಯಸ್ಸಿನಲ್ಲೂ, ನ್ಯಾಶ್‌ವಿಲ್‌ನ ಕಟ್ಟಡ ಸ್ಥಳದಲ್ಲಿದ್ದರು. ಆದರೆ ಅವರಿಗೆ ಮರಗೆಲಸ ಚೆನ್ನಾಗಿ ಬರುತ್ತಿತ್ತು, ನಿಮಗೆ ಬಾರದು. ಅವರಿಂದ ಕಲಿಯಬೇಕಾದದ್ದು ಸುತ್ತಿಗೆಯ ಏಟಲ್ಲ, ಮೂರು ದಶಕ ಮೀರಿ ಮತ್ತೆ ಮತ್ತೆ ಬಂದದ್ದು.

ಹಾಗಾದರೆ ಕೆಲಸ ಯಾವುದು? ನನ್ನ ಮಟ್ಟಿಗೆ ಮೊದಲ ಹೆಸರು ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟಿಗೆ ನೀರುಣಿಸುವುದು. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಂದಿಗೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಹಾಕಿದ ಕಾಂಕ್ರೀಟನ್ನು ಸಾಮಾನ್ಯವಾಗಿ 7 ದಿನಕ್ಕೆ ಕಡಿಮೆಯಿಲ್ಲದಂತೆ ತೇವವಾಗಿಡಬೇಕು. ಅದರ ಬಲವನ್ನು ಅಳೆಯುವುದು 28ನೇ ದಿನಕ್ಕೆ. ಬಿಸಿಲಿಗೆ ಬಿಟ್ಟರೆ ಮೇಲ್ಮೈ ಬಿರುಕು ಬಿಡುತ್ತದೆ, ಒಳಗೆ ಬಲ ಬರುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು ಪೈಪು ಮತ್ತು ದಿನವೂ ತಪ್ಪದೆ ಬರುವ ಒಬ್ಬ ಮನುಷ್ಯ. ಎರಡನೆಯದು ಸಿಗುವುದೇ ಕಷ್ಟ, ಹತ್ತಿರದಲ್ಲಿದ್ದರೆ ಅದು ನೀವೇ ಆಗಬಹುದು. ಬಣ್ಣ, ಅಳತೆ, ಸಾಮಾನಿನ ಲೆಕ್ಕ ಇದ್ದೇ ಇವೆ. ವಿದ್ಯುತ್ ಕೆಲಸ ಮಾತ್ರ ಪರವಾನಗಿ ಇದ್ದವರದ್ದು, ಕೈ ಹಾಕಬೇಡಿ.

ಮೇಜಿನ ಮುಂದೆ ಕೂತದ್ದೂ ವ್ಯರ್ಥವಲ್ಲ. ಕುಟುಂಬಗಳ ಅರ್ಜಿ ತುಂಬಿಸುವುದು, ಸಾಲದ ಕಾಗದಪತ್ರ ಓದಿ ಹೇಳುವುದು ಇಟ್ಟಿಗೆ ಹೊರುವುದಕ್ಕಿಂತ ಅಪರೂಪದ ಸಹಾಯ. ಎಷ್ಟೋ ನಿವೃತ್ತರು ಇದು ‘ನಿಜವಾದ’ ಸೇವೆಯಲ್ಲ ಎಂದು ಮೂಗು ಮುರಿಯುತ್ತಾರೆ. ಅದು ಬರೀ ಜಂಬ.

ಹೋಗುವ ಮೊದಲು ವೈದ್ಯರನ್ನು ಕಾಣಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಂತೂ ಖಂಡಿತ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಹಸಿ ಸಿಮೆಂಟು ಚರ್ಮ ಸುಡುತ್ತದೆ, ಗ್ಲೌಸ್ ಬೇಕು. ಅಪಘಾತ ವಿಮೆ ಇದೆಯೇ ಎಂದು ಸಂಸ್ಥೆಯನ್ನು ವಿಚಾರಿಸಲು ಸಂಕೋಚ ಬೇಡ. ಮಂಡಿಯ ವಿಷಯ ಮುಚ್ಚಿಡಬೇಡಿ. ‘ಏಣಿ ಹತ್ತುವುದಿಲ್ಲ’ ಎಂದು ಮೊದಲ ದಿನವೇ ಹೇಳಿದರೆ ಮೇಸ್ತ್ರಿ ನಿಮಗೆ ನೆಲದ ಮೇಲಿನ ಕೆಲಸ ಹುಡುಕಿ ಕೊಡುತ್ತಾರೆ.