ತೊಗರಿಯನ್ನು ಬುಡಕ್ಕೆ ಕೊಯ್ಯದೆ ಬಿಟ್ಟರೆ

ಕಲಬುರಗಿ ಸೀಮೆಯಲ್ಲಿ ಪ್ರತಿ ವರ್ಷ ಡಿಸೆಂಬರ್, ಜನವರಿಯಲ್ಲಿ ತೊಗರಿಯ ಬುಡಕ್ಕೆ ಕುಡುಗೋಲು ಬೀಳುತ್ತದೆ. ಆ ಹೊತ್ತಿಗೆ ಗಿಡ ಸತ್ತಿರುವುದಿಲ್ಲ. ಕಾಳು ಕಟ್ಟಿದ ಮೇಲೆ ಕಡಲೆ ತಾನೇ ಒಣಗಿಹೋಗುತ್ತದೆ, ತೊಗರಿ ಹಾಗಲ್ಲ. ಅದು ಸ್ವಭಾವದಿಂದಲೇ ಕಟ್ಟಿಗೆಯ ಪೊದೆ, ಬಿಟ್ಟರೆ ಮೂರ್ನಾಲ್ಕು ವರ್ಷ ಬದುಕುವಂಥದ್ದು. ಒಮ್ಮೆ ನೆಟ್ಟು ವರ್ಷವರ್ಷ ಕೊಯ್ಯಲೆಂದು ಚಳಿನಾಡಿನವರು ಹೇಝಲ್‌ನಟ್ (ಬಾದಾಮಿಯಂತೆ ತಿನ್ನುವ ಬೀಜ) ಪೊದೆಗಳ ಮಿಶ್ರತಳಿ ಬೆಳೆಸುತ್ತಾರೆ. ಅದಕ್ಕೆ ಚಳಿಗಾಲದಲ್ಲಿ ನೂರಾರು ಗಂಟೆ ಕೊರೆವ ಚಳಿ ಬೇಕು, ನಮ್ಮಲ್ಲಿ ಆಗದ ಮಾತು. ನಮ್ಮ ಪೊದೆ ತೊಗರಿಯೇ.

ತೊಗರಿ ಹೂ ಬಿಡಲು ಹಗಲು ಗಿಡ್ಡವಾಗಬೇಕು. ಜೂನ್‌ನಲ್ಲಿ ಬಿತ್ತಿದ ಮಧ್ಯಮಾವಧಿ ತಳಿ ಮಳೆಗಾಲವಿಡೀ ಟೊಂಗೆ ಬೆಳೆಸಿ, ಅಕ್ಟೋಬರ್ ಸುಮಾರಿಗೆ ಹೂವಿಗೆ ಬರುವುದು ಅದಕ್ಕೇ. ಕಾಯಿ ಬಿಡಿಸುವ ಜನವರಿಯಲ್ಲೂ ಹಗಲು ಗಿಡ್ಡವೇ. ನೆಲದಲ್ಲಿ ತೇವ ಉಳಿದಿದ್ದರೆ ಅದೇ ಟೊಂಗೆಗಳಲ್ಲಿ ಮತ್ತೆ ಹೂ ಬಂದು ಮಾರ್ಚ್ ಹೊತ್ತಿಗೆ ಎರಡನೇ ಕಾಯಿ ಸಿಗುತ್ತದೆ, ಮೊದಲ ಫಸಲಿಗಿಂತ ಕಡಿಮೆ. ಬೇಸಿಗೆ ದಾಟಿದ ಗಿಡ ಮುಂಗಾರಿಗೆ ಚಿಗುರಿ ಮತ್ತೆ ಅಕ್ಟೋಬರ್‌ಗಾಗಿ ಕಾಯುತ್ತದೆ.

ಇಲ್ಲಿ ಸುಲಭವಾಗಿ ಆಗುವ ತಪ್ಪು, ಕಬ್ಬಿನ ಕೂಳೆಯಂತೆ ಬುಡಕ್ಕೆ ಕೊಯ್ದು ಚಿಗುರು ಕಾಯುವುದು. ತೊಗರಿಯ ಬೇರಿನಲ್ಲಿ ಅಷ್ಟು ಆಹಾರ ಕೂಡಿಟ್ಟಿರುವುದಿಲ್ಲ; ಎಲೆ ಕಳೆದುಕೊಂಡ ಮೋಟುಗಳಲ್ಲಿ ಬಹಳಷ್ಟು ಒಣಗುತ್ತವೆ. ಕಾಯಿಯನ್ನಷ್ಟೇ ಕೈಯಿಂದ ಬಿಡಿಸಿ, ಎಲೆ ಇರುವ ಟೊಂಗೆ ಉಳಿಸಬೇಕು. ಸವರಲೇಬೇಕಿದ್ದರೆ ಮುಂಗಾರಿನ ಮುಂಚೆ, ಸೊಂಟದೆತ್ತರಕ್ಕೆ.

ಎರೆಭೂಮಿ ಮೊದಲ ವರ್ಷ ತೇವ ಹಿಡಿದು ಕಾಪಾಡುತ್ತದೆ, ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರನ್ನು ತುಂಡರಿಸುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಹಾಗೆ ಬಿರಿಯುವುದಿಲ್ಲ, ನೀರೂ ನಿಲ್ಲುವುದಿಲ್ಲ. ಎರಡನೇ ವರ್ಷದ ಗಿಡಕ್ಕೆ ಅದೇ ವಾಸಿ.

ನಿಜವಾದ ತೊಡಕು ರೋಗದ್ದು. 2022ರಲ್ಲಿ ಈ ಭಾಗದ ತೊಗರಿಯನ್ನು ಒಣಗಿಸಿದ ನೆಟೆ ರೋಗದ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರಿನ ನಾಳ ಕಟ್ಟುತ್ತದೆ, ಸತ್ತ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗೊಡ್ಡು ರೋಗ ಇನ್ನೂ ಮೋಸಗಾರ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಗಾಳಿಯಲ್ಲಿ ತೇಲಿ ಬಂದು ವೈರಸ್ ಅಂಟಿಸುತ್ತದೆ. ಎಲೆ ಸಣ್ಣದಾಗಿ ಮಾಸಲು ಹಸಿರು ಮಚ್ಚೆ ಬಿದ್ದು, ಗಿಡ ಹೂವಿಲ್ಲದೆ ಪೊದೆಗಟ್ಟುತ್ತದೆ. ಕೊಯ್ಲಿನ ನಂತರ ಹೊಲದಲ್ಲಿ ಹಸಿರಾಗಿ ನಿಂತದ್ದು ಹೆಚ್ಚಾಗಿ ಅದೇ ಗೊಡ್ಡು ಗಿಡ! ಚೆನ್ನಾಗಿದೆಯೆಂದು ಉಳಿಸಿದರೆ ನುಸಿಗೆ ಬೇಸಿಗೆಯ ಮನೆ ಸಿಕ್ಕಂತೆ, ಮುಂಗಾರಿನ ಸಸಿಗಳಿಗೆ ಅಲ್ಲಿಂದಲೇ ರೋಗ. ಕಂಡಕೂಡಲೇ ಬುಡಸಮೇತ ಕಿತ್ತು ಸುಡಬೇಕು.

ಆದ್ದರಿಂದ ತಳಿ ಮುಖ್ಯ. ಮಾರುತಿ ನೆಟೆ ತಡೆಯುತ್ತದೆ, ಗೊಡ್ಡು ರೋಗಕ್ಕೆ ಬಲಿಯಾಗುತ್ತದೆ. ಆಶಾ ಎರಡನ್ನೂ ತಡೆಯಲು ತಯಾರಾದ ತಳಿ. ಉಳಿಸುವ ಗಿಡಕ್ಕೆ ಅದೇ ಸರಿ.

ಇಡೀ ಹೊಲವನ್ನು ಹೀಗೆ ಬಿಡುವುದು ಜಾಣತನವಲ್ಲ. ಬದು, ಹಿತ್ತಿಲು ಸಾಕು. ಕಿಲೋ ಬೀಜಕ್ಕೆ ನೆಟೆ ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾವನ್ನು 4 ಗ್ರಾಂ ಹಚ್ಚಿ, ಮೂರು ಅಡಿಗೊಂದು ಗುಣಿಯಲ್ಲಿ ಎರಡು ಮೂರು ಬೀಜ ಊರಿ, ಗಟ್ಟಿಯಾದ ಒಂದನ್ನು ಉಳಿಸಿ. 45–50ನೇ ದಿನ ತುದಿಯ ಎರಡು ಇಂಚು ಕುಡಿ ಚಿವುಟಿದರೆ ಪಕ್ಕದ ಟೊಂಗೆ ಒಡೆಯುತ್ತವೆ. ಮೊಗ್ಗು ಬಂದಾಗ ಕಾಯಿಕೊರಕದ ಮೇಲೆ ಕಣ್ಣಿರಲಿ. ಬಡ್ಡೆ ಅಲುಗಿಸಿದರೆ ಹುಳು ಕೆಳಗೆ ಹಾಸಿದ ತಾಡಪತ್ರಿಗೆ ಉದುರುತ್ತದೆ. ಸುಗ್ಗಿ ಮುಗಿದು ಊರ ದನ, ಆಡು ಬಿಟ್ಟಾಗ ಮುಳ್ಳುಬೇಲಿ ಇಲ್ಲದಿದ್ದರೆ ಈ ಲೆಕ್ಕವೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಮೂರನೇ ಕೊಯ್ಲಿನ ನಂತರ ಬೇರುಸಮೇತ ಕೀಳಿ. ಕಟ್ಟಿಗೆ ಒಲೆಗೆ, ಆ ಜಾಗಕ್ಕೆ ಮೂರು ವರ್ಷ ಜೋಳ.