ಟೋಲಿಂಗ್: ಗ್ಯಾಸ್ ನಿಮ್ಮದು, ಘಟಕ ನಮ್ಮದು

ಟೋಲ್ ಅಂದ ತಕ್ಷಣ ಹೆದ್ದಾರಿಯ ಗೇಟು ನೆನಪಾಗುತ್ತದೆ, ಅಲ್ವಾ? ಆದರೆ ಗ್ಯಾಸ್ ರಫ್ತಿನ ‘ಟೋಲಿಂಗ್’ ಅರ್ಥವಾಗಬೇಕಾದರೆ ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ಕಾಳು ತಂದವರದ್ದು, ಹಿಟ್ಟೂ ಅವರದ್ದೇ. ಗಿರಣಿಯವನಿಗೆ ಬೀಸಿದ ಕೂಲಿ ಅಷ್ಟೆ. ಹಳೆಯ ಇಂಗ್ಲಿಷಿನಲ್ಲೂ ಗಿರಣಿಯವನು ಕೂಲಿಯಾಗಿ ಇಟ್ಟುಕೊಳ್ಳುತ್ತಿದ್ದ ಕಾಳಿನ ಪಾಲಿಗೆ ಟೋಲ್ ಅಂತಲೇ ಹೆಸರಿತ್ತು.

ಇಲ್ಲಿ ಗಿರಣಿ ಅಂದರೆ ಗ್ಯಾಸನ್ನು ದ್ರವ ಮಾಡುವ ಘಟಕ. ಸುಮಾರು ಮೈನಸ್ 162 ಡಿಗ್ರಿಗೆ ತಂಪು ಮಾಡಿದರೆ ಗ್ಯಾಸು 600ರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, ಆಮೇಲೆ ಹಡಗಿಗೆ ತುಂಬಬಹುದು. ಅದೇ ಎಲ್‌ಎನ್‌ಜಿ. ಇಂಥ ಘಟಕಕ್ಕೆ ನೂರಾರು ಕೋಟಿ ಡಾಲರ್ ಬೇಕು, ಬಹುಪಾಲು ಸಾಲವೇ. ಕಟ್ಟಿ ಮುಗಿಸಲು ವರ್ಷಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಒಂದು ಡಾಲರ್ ಆದಾಯವೂ ಇಲ್ಲ. ಎಷ್ಟೋ ಸಲ ಆ ಘಟಕದ ಗಳಿಕೆ ಬಿಟ್ಟರೆ ಮಾಲೀಕರ ಬೇರೆ ಆಸ್ತಿಗೆ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಹಾಗಾಗಿ ಬ್ಯಾಂಕು ಕೇಳುವುದು ಒಂದೇ ಮಾತು: ಗ್ಯಾಸ್ ಬೆಲೆ ಬಿದ್ದ ದಿನ ನಮ್ಮ ಕಂತು ಕಟ್ಟುವವರು ಯಾರು?

ಅದಕ್ಕೆ ಟೋಲಿಂಗ್ ಕೊಡುವ ಉತ್ತರ: ಗಿರಾಕಿ. ಅವನು 20 ವರ್ಷಕ್ಕೆ ಘಟಕದಲ್ಲಿ ಜಾಗ, ಅಂದರೆ ವರ್ಷಕ್ಕೆ ಇಷ್ಟು ಗ್ಯಾಸ್ ದ್ರವ ಮಾಡಿಸುವ ಹಕ್ಕು, ಕಾದಿರಿಸುತ್ತಾನೆ, ಗ್ಯಾಸ್ ತಂದರೂ ತರದಿದ್ದರೂ ನಿಗದಿತ ಶುಲ್ಕ ಕೊಡುತ್ತಾನೆ. ಬ್ಯಾಂಕು ಗ್ಯಾಸ್ ಬೆಲೆ ನೋಡುವುದು ಬಿಟ್ಟು ಗಿರಾಕಿಯ ಜೇಬು ನೋಡುತ್ತದೆ. ಬೇರೆ ದಾರಿಗಳೂ ಇವೆ. ಬಾವಿಯಿಂದ ಘಟಕದವರೆಗೆ ಎಲ್ಲ ಒಬ್ಬರೇ ಇಟ್ಟುಕೊಳ್ಳಬಹುದು, ಇಲ್ಲವೇ ಘಟಕದವರೇ ಗ್ಯಾಸ್ ಕೊಂಡು ಎಲ್‌ಎನ್‌ಜಿ ಮಾರಬಹುದು.

ಎಲ್ಲ ತಾವೇ ಇಟ್ಟುಕೊಳ್ಳುವುದು ಕೇಳಲು ಚೆಂದ, ಪಾಲುದಾರರು ಜಾಸ್ತಿಯಾದರೆ ಮಾತ್ರ ತಲೆನೋವು. ಅಮೆರಿಕದ ಅಲಾಸ್ಕಾವನ್ನೇ ನೋಡಿ. ಪ್ರೂಡೋ ಬೇ ಮತ್ತು ಪಾಯಿಂಟ್ ಥಾಮ್ಸನ್ ಎಂಬ ಎರಡು ನಿಕ್ಷೇಪ. ಎಕ್ಸಾನ್‌ಮೊಬಿಲ್, ಬಿಪಿ, ಕೊನೊಕೊಫಿಲಿಪ್ಸ್ ಎಂಬ ಮೂರು ತೈಲ ಕಂಪನಿಗಳಿಗೂ ಆಗ ಎರಡರಲ್ಲೂ ಪಾಲಿತ್ತು, ಆದರೆ ಒಂದರಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರಲಿಲ್ಲ. ಜೊತೆಗೆ ತನ್ನ ಪಾಲನ್ನು ಗ್ಯಾಸ್ ರೂಪದಲ್ಲೇ ತೆಗೆದುಕೊಳ್ಳಲು ಹೊರಟ ರಾಜ್ಯ ಸರ್ಕಾರ. ಗ್ಯಾಸಿನಲ್ಲಿ ಎಷ್ಟು ಪಾಲೋ ಸುಮಾರು 1,300 ಕಿಲೋಮೀಟರ್ ಪೈಪ್‌ಲೈನಿನಲ್ಲೂ ಘಟಕದಲ್ಲೂ ಅಷ್ಟೇ ಪಾಲು ಇರಬೇಕು ಅಂದರೆ, ಯಾವ ನಿಕ್ಷೇಪದಿಂದ ಎಷ್ಟು ತೆಗೆಯಬೇಕು ಅನ್ನುವುದೇ ಜಗಳಕ್ಕೆ ಕಾರಣವಾಗಬಹುದು. ಆಗಿನ ಅಂದಾಜು ವೆಚ್ಚ 4,500ರಿಂದ 6,500 ಕೋಟಿ ಡಾಲರ್. 2016ರಲ್ಲಿ ಮೂರೂ ಕಂಪನಿಗಳು ಹಿಂದೆ ಸರಿದವು, ರಾಜ್ಯದ ನಿಗಮ ಮುಂದಾಳತ್ವ ವಹಿಸಿತು. ಘಟಕವನ್ನು ಹೊರಗಿನವರು ಕಟ್ಟಲಿ, ಗ್ಯಾಸಿನವರು ಟೋಲ್ ಕೊಡಲಿ ಎಂಬ ಮಾತು ಆಗಲೇ ಜೋರಾಗಿದ್ದು. ಪಾಲಿನ ಲೆಕ್ಕ ಅರ್ಧದಷ್ಟು ಅಲ್ಲಿಗೇ ಸಲೀಸಾಗುತ್ತದೆ.

ಹಾಗಂತ ಬೆಲೆಯ ಭಯ ಸುಮ್ನೆ ಮಾಯವಾಗುವುದಿಲ್ಲ, ಸಹಿ ಹಾಕಿದವನ ಮನೆಗೆ ಹೋಗಿ ಕೂರುತ್ತದೆ. ಟೆಕ್ಸಸ್‌ನ ಫ್ರೀಪೋರ್ಟ್ ಘಟಕದಲ್ಲಿ ಜಪಾನಿನ ತೊಷಿಬಾ 2013ರಲ್ಲಿ ವರ್ಷಕ್ಕೆ 22 ಲಕ್ಷ ಟನ್ನಿನಂತೆ 20 ವರ್ಷಕ್ಕೆ ಜಾಗ ಹಿಡಿಯಿತು. ಗ್ಯಾಸ್ ವ್ಯಾಪಾರ ಅದರ ಕಸುಬೇ ಅಲ್ಲ! ವಿದ್ಯುತ್ ಕಂಪನಿಗಳಿಗೆ ಟರ್ಬೈನ್ ಮಾರುವಾಗ ಜೊತೆಗೆ ಗ್ಯಾಸನ್ನೂ ಕೊಡೋಣ ಅನ್ನುವ ಲೆಕ್ಕಾಚಾರ. 2014ರಲ್ಲಿ ಕಚ್ಚಾತೈಲ ಕುಸಿಯಿತು, ತೈಲದ ಬೆಲೆಗೆ ಜೋಡಿಸಿದ್ದ ಏಷ್ಯಾದ ಎಲ್‌ಎನ್‌ಜಿಯೂ ಅಗ್ಗವಾಯಿತು, ಅಮೆರಿಕದಿಂದ ತರಿಸುವ ಆಕರ್ಷಣೆ ಕರಗಿಹೋಯಿತು. ಗ್ಯಾಸ್ ಬೇಡ ಅನ್ನಬಹುದು, ಶುಲ್ಕ ಬೇಡ ಅನ್ನುವಂತಿಲ್ಲ. ಚೀನಾದ ಗ್ಯಾಸ್ ಕಂಪನಿ ಇಎನ್ಎನ್ ಒಪ್ಪಂದವನ್ನು ವಹಿಸಿಕೊಳ್ಳಲು ಮುಂದೆ ಬಂದು 2019ರಲ್ಲಿ ಕೈಬಿಟ್ಟಿತು. ಅದೇ ವರ್ಷ ಫ್ರಾನ್ಸಿನ ತೈಲ ಕಂಪನಿ ಟೋಟಲ್ ಒಪ್ಪಿಕೊಂಡಿತು. ಟೋಟಲ್ ಕೊಟ್ಟಿದ್ದು 1.5 ಕೋಟಿ ಡಾಲರ್. ತೊಷಿಬಾ ತಾನೇ ಎದುರು ಕೊಟ್ಟು ಕೈತೊಳೆದುಕೊಂಡಿದ್ದು 81.5 ಕೋಟಿ ಡಾಲರ್.